ಲೋಳೆಸರ: ಬಿಳಿ ಲೋಳೆ ಬೇರೆ, ಹಳದಿ ಸೊನೆ ಬೇರೆ

ಈ ವಾರದ ಲೇಖನ ಶುರು ಮಾಡೋಕೆ ಮುಂಚೆ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. ಎರಡು ವರ್ಷದ ಹಿಂದೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಳೆಸರದ ಒಂದು ಎಲೆಯನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ಕುಡಿದರೆ ಮಂಡಿನೋವು, ಶುಗರ್, ಗ್ಯಾಸ್ಟ್ರಿಕ್ ಎಲ್ಲ ಮಾಯ ಅಂತ ಅದರಲ್ಲಿ ಒಬ್ಬರು ಹೇಳ್ತಿದ್ದರು. ಪೂರ್ತಿ ನೋಡೋ ತಾಳ್ಮೆಯೂ ನನಗಿರಲಿಲ್ಲ. ನಮ್ಮ ಹೊಲದಲ್ಲೇ ಅರ್ಧ ಎಕರೆ ಲೋಳೆಸರ ಇದ್ದದ್ದರಿಂದ ಖುಷಿಯಾಗಿ ಫಾರ್ವರ್ಡ್ ಮಾಡಿದೆ, ಅಷ್ಟೇ.

ನಮ್ಮ ದೊಡ್ಡಮ್ಮ ಅದನ್ನು ನೋಡಿದಳು. ಅವಳಿಗೆ ಮಂಡಿನೋವು ಇತ್ತು, ಬಿಪಿಯೂ ಇತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಒಂದು ದೊಡ್ಡ ಎಲೆ ಕಿತ್ತು, ಮುಳ್ಳು ಮಾತ್ರ ಸವರಿ, ಉಳಿದದ್ದನ್ನೆಲ್ಲ ರುಬ್ಬಿ ಕುಡಿದಿದ್ದಾಳೆ. ಕಹಿ ಅಂದರೆ ಕಹಿ. ಕಹಿ ಇದ್ದಷ್ಟೂ ಔಷಧ ಜೋರು ಅಂತ ಮೂಗು ಹಿಡಿದು ಇಳಿಸಿದಳಂತೆ. ಮಧ್ಯಾಹ್ನ ಮೂರರ ತನಕ ಏನೂ ಆಗಲಿಲ್ಲ. ಆಮೇಲೆ ಹೊಟ್ಟೆ ನುಲಿ ಶುರುವಾಯ್ತು, ಹಿಂದೆಯೇ ಭೇದಿ. ರಾತ್ರಿ ಹತ್ತರ ಹೊತ್ತಿಗೆ ಕಾಲು ಸೆಟೆದುಕೊಂಡು ಎದ್ದು ನಿಲ್ಲೋಕೆ ಆಗದ ಸ್ಥಿತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಏನು ತಿಂದ್ರಿ, ಯಾವ ಮಾತ್ರೆ ತಗೋತೀರಿ?" ಅಂತ. ಅವಳು ತಗೊಳ್ಳುತ್ತಿದ್ದದ್ದು ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆ. ಆ ಮಾತ್ರೆಯಿಂದ ಮೊದಲೇ ಮೈಯಿಂದ ಪೊಟ್ಯಾಸಿಯಂ ಹೋಗ್ತಿತ್ತು, ಭೇದಿಯಲ್ಲಿ ಇನ್ನಷ್ಟು ಹೋಯ್ತು. ಎರಡು ದಿನ ಬಾಟ್ಲಿ ಹಾಕಿಸಿಕೊಂಡು ಮಲಗಿದ್ದಳು.

"ನೀನೇ ಕಳ್ಸಿದ್ದಲ್ವೇನೋ ಮಗ" ಅಂದಳು, ಬೈಯೋ ಧಾಟಿಯಲ್ಲೇನಲ್ಲ. ಆದರೂ ಅವತ್ತಿನಿಂದ ನಾನು ಈ ಗಿಡದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಬೆಳೆಯೋರಿಗೂ ಬಳಸೋರಿಗೂ ಗೊತ್ತಿರಬೇಕಾದ್ದು ಇಲ್ಲಿದೆ.

ಒಂದು ಎಲೆ, ಎರಡು ಔಷಧ

ಮೊದಲು ಒಂದು ಎಲೆ ಕೊಯ್ದು ಕೈಗೆತ್ತಿಕೊಳ್ಳಿ. ಬುಡದಲ್ಲಿ ಅಡ್ಡ ಕೊಯ್ದು ಹತ್ತು ಸೆಕೆಂಡು ಸುಮ್ಮನೆ ನೋಡಿ. ಹಸಿರು ಸಿಪ್ಪೆಯ ಒಳ ಅಂಚಿನಿಂದ, ಅಂದರೆ ಸಿಪ್ಪೆಗೂ ತಿರುಳಿಗೂ ನಡುವೆ, ಹಳದಿ ಬಣ್ಣದ ಸೊನೆ ಜಿನುಗುತ್ತೆ. ಮಾವಿನಕಾಯಿ ತೊಟ್ಟಿನ ಸೊನೆ ಇದ್ದ ಹಾಗೆ. ನಡುವಿನ ತಿರುಳು ಮಾತ್ರ ಗಾಜಿನ ಹಾಗೆ ತಿಳಿಯಾಗಿ, ಲೋಳೆಯಾಗಿ ಇರುತ್ತೆ. ಗಿಡ ಒಂದೇ, ಎಲೆ ಒಂದೇ ಆದರೂ ಔಷಧದ ದೃಷ್ಟಿಯಲ್ಲಿ ಇವು ಪೂರ್ತಿ ಬೇರೆ ಬೇರೆ ಪದಾರ್ಥಗಳು. ದೊಡ್ಡಮ್ಮ ಬಿಳಿಯದು ಬೇಕು ಅಂತ ಹೋಗಿ ಹಳದಿಯದನ್ನೂ ಕುಡಿದಿದ್ದಳು.

ಸಿಪ್ಪೆಯಲ್ಲೇ ಬಿಸಿಲು ಹಿಡಿದು ಸಕ್ಕರೆ ತಯಾರಾಗುತ್ತೆ. ಸಿಪ್ಪೆಯ ಒಳಗೆ ಸಾಲಾಗಿ ನೀರು, ಆಹಾರ ಸಾಗಿಸುವ ನಾಳಗಳಿವೆ. ಆ ನಾಳಗಳ ಹೊರಗಡೆ ಅಂಟಿಕೊಂಡ ಕೋಶಗಳಲ್ಲಿ ಹಳದಿ ಸೊನೆ ತುಂಬಿರುತ್ತೆ. ಕಹಿ ಇರೋದರಿಂದ ದನ, ಹುಳ ಬಾಯಿ ಹಾಕಲ್ಲ. ಗಿಡಕ್ಕೆ ಅದು ಕಾವಲು. ಒಳಗಿನ ತಿರುಳು ನೀರಿನ ಗೋದಾಮು. ನಮ್ಮ ಕಡೆ ದೃಷ್ಟಿ ತಾಗಬಾರದು ಅಂತ ಬಾಗಿಲ ಮೇಲೆ ಲೋಳೆಸರದ ಗಿಡವನ್ನು ಬೇರು ಮೇಲಾಗಿ ಕಟ್ಟುತ್ತಾರಲ್ಲ, ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಅದು ಬದುಕೋದು ಈ ಗೋದಾಮಿನಿಂದಲೇ. ಜೊತೆಗೆ ಇನ್ನೊಂದು ಉಪಾಯ ಈ ಗಿಡಕ್ಕೆ ಗೊತ್ತು. ಬೇರೆ ಬೆಳೆಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಉಸಿರಾಡಿದರೆ ಇದು ರಾತ್ರಿ ತಂಪಿನಲ್ಲಿ ತೆರೆಯುತ್ತೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಿಸಿಲು ಬಂದಾಗ ರಂಧ್ರ ಮುಚ್ಚಿಕೊಂಡೇ ಸಕ್ಕರೆ ಮಾಡಿಕೊಳ್ಳುತ್ತೆ. ಅನಾನಸ್ಸೂ ಹೀಗೇ. ನೀರು ಆವಿಯಾಗಿ ಹೋಗೋದು ತೀರಾ ಕಡಿಮೆ.

ಹಳದಿ ಸೊನೆ: ಔಷಧ ಹೌದು, ಜ್ಯೂಸ್ ಅಲ್ಲ

ಸೊನೆಯಲ್ಲಿರುವ ಮುಖ್ಯ ರಾಸಾಯನಿಕದ ಹೆಸರು ಅಲೋಯಿನ್. ಬಾರ್ಬಲೋಯಿನ್ ಅಂತಲೂ ಕರೀತಾರೆ. ಹೊಟ್ಟೆಯಲ್ಲಿ, ಸಣ್ಣ ಕರುಳಲ್ಲಿ ಇದು ಹೆಚ್ಚೇನೂ ಮಾಡಲ್ಲ, ಹಾಗೇ ಜಾರಿ ದೊಡ್ಡ ಕರುಳಿಗೆ ಹೋಗುತ್ತೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಲೋ-ಎಮೋಡಿನ್ ಆಂಥ್ರೋನ್ ಅನ್ನೋ ವಸ್ತುವಾಗಿ ಬದಲಾಯಿಸ್ತವೆ. ಇದು ಕರುಳನ್ನು ಕೆರಳಿಸಿ ಜೋರಾಗಿ ಹಿಂಡುವಂತೆ ಮಾಡುತ್ತೆ, ನೀರನ್ನು ಹೀರಿಕೊಳ್ಳೋಕೂ ಬಿಡಲ್ಲ. ಹಾಗಾಗಿ ಕುಡಿದು ಆರರಿಂದ ಹನ್ನೆರಡು ಗಂಟೆ ಆದಮೇಲೆ ಭೇದಿ. ದೊಡ್ಡಮ್ಮನಿಗೆ ಬೆಳಿಗ್ಗೆ ಕುಡಿದದ್ದು ಮಧ್ಯಾಹ್ನ ಮೂರಕ್ಕೆ ಶುರುವಾಗಿದ್ದು ಇದೇ ಲೆಕ್ಕದಲ್ಲಿ. ಕುಡಿದ ತಕ್ಷಣ ಏನೂ ಆಗಲಿಲ್ಲ ಅಂತ ಧೈರ್ಯ ಮಾಡಿ ಇನ್ನೊಂದು ಲೋಟ ಕುಡಿಯೋರು ಇದ್ದಾರೆ. ದಯವಿಟ್ಟು ಬೇಡ.

ಹಾಗಂತ ಸೊನೆ ವಿಷ ಅಂತ ತಿಳಿಯಬೇಡಿ. ಸಾವಿರಾರು ವರ್ಷ ಜಗತ್ತು ಲೋಳೆಸರದಿಂದ ಕೊಂಡದ್ದು ಬಿಳಿ ಲೋಳೆಗಿಂತ ಹೆಚ್ಚಾಗಿ ಈ ಸೊನೆಯನ್ನೇ. ಎಲೆ ಕೊಯ್ದು ಓರೆಯಾಗಿ ನಿಲ್ಲಿಸಿ, ಸೋರಿದ ಸೊನೆ ಕಾಯಿಸಿ ಗಟ್ಟಿ ಮಾಡಿದರೆ ಕಪ್ಪು-ಕಂದು ಗಾಜಿನ ಚೂರಿನಂಥ ಗಟ್ಟಿ ಸಿಗುತ್ತೆ. ಗ್ರಂದಿಗೆ ಅಂಗಡಿಯಲ್ಲಿ ಮುಸಬ್ಬರ ಅಂತ ಕೇಳಿದರೆ ಕೊಡೋದು ಅದನ್ನೇ. ಆಯುರ್ವೇದದಲ್ಲಿ ಇದರ ಹೆಸರು ಕನ್ಯಾಸಾರ. ಗಿಡಕ್ಕೆ ಕುಮಾರಿ ಅಂತ ಹೆಸರು. ಮುಟ್ಟಿನ ತೊಂದರೆಗೆ ವೈದ್ಯರು ಕೊಡುವ ರಜಃಪ್ರವರ್ತಿನಿ ವಟಿಯಲ್ಲಿ ಇಂಗಿನ ಜೊತೆ ಇದು ಇರುತ್ತೆ. ಕುಮಾರ್ಯಾಸವ ನೀವು ಕೇಳಿರ್ತೀರಿ. ಕೆರಿಬಿಯನ್ ದ್ವೀಪಗಳಾದ ಬಾರ್ಬಡೋಸ್, ಕುರಸಾವೊಗಳಿಂದ ಇದು ಯುರೋಪಿಗೆ ಹಡಗುಗಟ್ಟಲೆ ಹೋಗ್ತಿತ್ತು, ಅದಕ್ಕೇ ಬಾರ್ಬಡೆನ್ಸಿಸ್ ಅನ್ನೋ ಹೆಸರು ಗಿಡಕ್ಕೂ ಅಂಟಿಕೊಂಡಿತು. ದಕ್ಷಿಣ ಆಫ್ರಿಕಾದಲ್ಲಿ ಇದರ ಅಣ್ಣನಂಥ ಇನ್ನೊಂದು ಜಾತಿ, ಅಲೋ ಫೆರಾಕ್ಸ್, ಅದರಿಂದ ಇವತ್ತಿಗೂ ಸೊನೆ ಇಳಿಸ್ತಾರೆ.

ಇದನ್ನು ವೈದ್ಯರು ಗುಲಗಂಜಿ ತೂಕದಲ್ಲಿ, ಬೇರೆ ಮದ್ದಿನ ಜೊತೆ ಸೇರಿಸಿ, ಕೆಲವೇ ದಿನಕ್ಕೆ ಕೊಡ್ತಾರೆ. ಅದನ್ನು ದಿನಾ ಬೆಳಿಗ್ಗೆ ಲೋಟದಲ್ಲಿ ಕುಡಿಯೋದು ಬೇರೆ ಮಾತು. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ 2002ರಲ್ಲಿ, ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಭೇದಿ ಔಷಧಗಳಿಂದ ಲೋಳೆಸರದ ಸೊನೆಯನ್ನು ತೆಗೆಸಿತು. ಸುರಕ್ಷಿತ ಅಂತ ತೋರಿಸೋ ಹೊಸ ಮಾಹಿತಿ ಕಂಪನಿಗಳು ಕೊಡಲೇ ಇಲ್ಲ. ಆಮೇಲೆ ಅಲ್ಲಿನ ಸರ್ಕಾರಿ ಪ್ರಯೋಗವೊಂದರಲ್ಲಿ, ಸೊನೆ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಯುವ ನೀರಲ್ಲಿ ಕೊಟ್ಟಾಗ ಇಲಿಗಳ ದೊಡ್ಡ ಕರುಳಲ್ಲಿ ಗಡ್ಡೆ ಬಂದವು. ಅದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಡೀ ಎಲೆಯ ಸಾರವನ್ನು "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ" 2ಬಿ ಪಟ್ಟಿಗೆ ಹಾಕಿದೆ. ಗಾಬರಿ ಬೇಡ, ಮಾತು ಇಡೀ ಎಲೆಯ ಸಾರದ ಬಗ್ಗೆ. ಸಿಪ್ಪೆ ತೆಗೆದು ತೊಳೆದ ಲೋಳೆಗೆ ಇದು ಅನ್ವಯಿಸಲ್ಲ. ಒಳ್ಳೆ ಕಂಪನಿಗಳು ಕುಡಿಯುವ ಜ್ಯೂಸಿನಲ್ಲಿ ಅಲೋಯಿನ್ 10 ಪಿಪಿಎಂ ಮೀರದಂತೆ ಇದ್ದಿಲಿನಲ್ಲಿ ಶೋಧಿಸಿ ತೆಗೀತಾರೆ. 10 ಪಿಪಿಎಂ ಅಂದರೆ ಲೀಟರಿಗೆ 10 ಮಿಲಿಗ್ರಾಂ. ನಮ್ಮ ಮಿಕ್ಸಿಗೆ ಆ ಸಾಮರ್ಥ್ಯ ಎಲ್ಲಿಂದ ಬರಬೇಕು?

ಬಸುರಿಯರು, ಹಾಲೂಡಿಸೋ ತಾಯಂದಿರು, ಚಿಕ್ಕ ಮಕ್ಕಳು, ಕಿಡ್ನಿ ತೊಂದರೆ ಇರೋರು, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳೋರು, ನಮ್ಮ ದೊಡ್ಡಮ್ಮನ ಥರ ಮೂತ್ರದ ಮಾತ್ರೆ ತಗೊಳ್ಳೋರು ಸೊನೆ ಇರೋ ಯಾವುದನ್ನೂ ಬಾಯಿಗೆ ಹಾಕೋದೇ ಬೇಡ.

ಬಿಳಿ ಲೋಳೆಯಲ್ಲಿ ಏನಿದೆ

ಎಪ್ಪತ್ತೈದು ಪೋಷಕಾಂಶ, ಇಷ್ಟು ವಿಟಮಿನ್, ಅಷ್ಟು ಅಮೈನೋ ಆಮ್ಲ ಅಂತ ಪಾಂಪ್ಲೆಟ್‌ನಲ್ಲಿ ಓದಿರ್ತೀರಿ. ಇವೆ, ಸುಳ್ಳಲ್ಲ. ಆದರೆ ಎಷ್ಟಿವೆ ಅಂತ ಯಾರೂ ಬರೆಯಲ್ಲ. ಲೋಳೆಯಲ್ಲಿ ನೂರಕ್ಕೆ 99 ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬರೀ ನೀರು. ಒಂದು ಕಿಲೋ ಲೋಳೆ ಒಣಗಿಸಿದರೆ ಐದರಿಂದ ಹತ್ತು ಗ್ರಾಂ ಉಳಿಯುತ್ತೆ. ಆ ಹತ್ತು ಗ್ರಾಂನಲ್ಲೇ ಎಪ್ಪತ್ತೈದೂ ಇರಬೇಕು! ವಿಟಮಿನ್ ಬೇಕಿದ್ದರೆ ನುಗ್ಗೆಸೊಪ್ಪು ತಿನ್ನಿ.

ಉಳಿಯುವ ಆ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಕಣಗಳು ಉದ್ದ ಸರಪಳಿಯಾಗಿ ಜೋಡಿಸಿಕೊಂಡ ವಸ್ತು. ಲೋಳೆಯ ಲೋಳೆತನ ಅದರಿಂದಲೇ. ಅದರಲ್ಲಿ ಹೆಸರುವಾಸಿಯಾದದ್ದು ಅಸಿಮನಾನ್. ಮ್ಯಾನೋಸ್ ಅನ್ನೋ ಸಕ್ಕರೆಯ ಸರಪಳಿ, ಅದಕ್ಕೆ ಅಲ್ಲಲ್ಲಿ ಅಸಿಟೈಲ್ ಗುಂಪು ಅಂಟಿರುತ್ತೆ. ಇದು ಚರ್ಮದ ಮೇಲೆ ತೇವ ಹಿಡಿದಿಡುತ್ತೆ, ಗಾಯ ತುಂಬಿಕೊಳ್ಳುವ ಕೋಶಗಳನ್ನೂ ರೋಗನಿರೋಧಕ ಕೋಶಗಳನ್ನೂ ಚುರುಕು ಮಾಡುತ್ತೆ ಅಂತ ಪ್ರಯೋಗಾಲಯದ ಕೆಲಸಗಳು ತೋರಿಸಿವೆ. ಬಿಸಿ ಅದಕ್ಕೆ ಆಗಲ್ಲ. ಜಾಸ್ತಿ ಕಾಯಿಸಿದರೆ, ಕೊಯ್ದ ಎಲೆಯನ್ನು ದಿನಗಟ್ಟಲೆ ರಾಶಿ ಹಾಕಿದರೆ ಸರಪಳಿ ತುಂಡಾಗಿ ಲೋಳೆ ನೀರಾಗಿಬಿಡುತ್ತೆ. ಕಟ್ ಮಾಡಿಟ್ಟ ಲೋಳೆ ಮರುದಿನ ಎಳೆಯೇ ಬರದೆ ನೀರುನೀರಾಗಿರೋದನ್ನ ನೀವೇ ನೋಡಿರ್ತೀರಿ.

ಮನುಷ್ಯರ ಮೇಲಿನ ಸಾಕ್ಷಿ ಏನು? ಸುಟ್ಟಗಾಯದ ವಿಷಯದಲ್ಲಿ ಚೆನ್ನಾಗಿದೆ. 2007ರಲ್ಲಿ ಪ್ರಕಟವಾದ ಒಂದು ವಿಮರ್ಶೆ ನಾಲ್ಕು ಅಧ್ಯಯನಗಳ 371 ರೋಗಿಗಳ ಮಾಹಿತಿ ಸೇರಿಸಿ ನೋಡಿದಾಗ, ಲೋಳೆಸರ ಹಚ್ಚಿದ ಗಾಯ ಸರಾಸರಿ ಒಂಬತ್ತು ದಿನ ಬೇಗ ವಾಸಿಯಾಗಿತ್ತು. ಆಳವಲ್ಲದ ಸುಟ್ಟಗಾಯಗಳಿಗೆ ಈ ಮಾತು. ಇದಕ್ಕೂ ತುಂಬಾ ಮೊದಲು, 1935ರಲ್ಲೇ ಅಮೆರಿಕದಲ್ಲಿ ಎಕ್ಸ್-ರೇ ತಾಗಿ ಸುಟ್ಟ ಚರ್ಮಕ್ಕೆ ತಾಜಾ ಎಲೆ ಕಟ್ಟಿ ವಾಸಿಯಾದದ್ದನ್ನು ವೈದ್ಯರು ಬರೆದಿಟ್ಟಿದ್ದರು. ಈ ಗಿಡದ ಮೇಲೆ ಆಧುನಿಕ ಸಂಶೋಧನೆ ಚಿಗುರಿದ್ದು ಅಲ್ಲಿಂದ.

ಹಾಗಂತ ಎಲ್ಲ ಗಾಯಕ್ಕೂ ಹಚ್ಚಬೇಡಿ. 1991ರ ಒಂದು ಅಧ್ಯಯನದಲ್ಲಿ ಸಿಸೇರಿಯನ್‌ನಂಥ ಆಪರೇಷನ್ ಆಗಿ ಹೊಲಿಗೆ ಬಿಚ್ಚಿಕೊಂಡ ಗಾಯಗಳಿಗೆ ಲೋಳೆಸರದ ಜೆಲ್ ಹಾಕಿದಾಗ ವಾಸಿಯಾಗೋಕೆ 83 ದಿನ ಹಿಡಿಯಿತು. ಮಾಮೂಲಿ ಡ್ರೆಸ್ಸಿಂಗ್ ಮಾಡಿದವರಿಗೆ 53 ದಿನ ಸಾಕಾಗಿತ್ತು. ಅಂದರೆ ಮೇಲುಮೇಲಿನ ಸುಟ್ಟಗಾಯಕ್ಕೆ ಒಳ್ಳೆಯದು, ಆಳದ ಗಾಯಕ್ಕೆ ಅಡ್ಡಿ. ಸೋರಿಯಾಸಿಸ್ ವಿಷಯದಲ್ಲಿ 1996ರ ಅಧ್ಯಯನ ಬಹಳ ಚೆನ್ನಾಗಿದೆ ಅಂತು, 2005ರದ್ದು ಸುಮ್ಮನೆ ಬೇರೆ ಜೆಲ್ ಹಚ್ಚಿದ್ದಕ್ಕಿಂತ ಮೇಲೇನಲ್ಲ ಅಂತು. ಶುಗರ್ ಸ್ವಲ್ಪ ಇಳಿಯುತ್ತೆ ಅಂತ ಕೆಲವು ಸಣ್ಣ ಪ್ರಯೋಗ ಹೇಳ್ತವೆ. ಅದನ್ನು ನಂಬಿ ಮಾತ್ರೆ ಬಿಟ್ಟರೆ ಕೆಟ್ಟಿರಿ. ಮಾತ್ರೆ ಜೊತೆ ಕುಡಿದು ಶುಗರ್ ತೀರಾ ಇಳಿದರೂ ಕಷ್ಟ. ಕೂದಲು ಉದುರೋದು ನಿಲ್ಲುತ್ತಾ ಅಂತ ಎಲ್ಲರೂ ಕೇಳೋ ಪ್ರಶ್ನೆ. ತಲೆ ತಂಪಾಗುತ್ತೆ, ಕೂದಲು ನುಣುಪಾಗುತ್ತೆ. ಅದಕ್ಕಿಂತ ಹೆಚ್ಚು ನಾನು ಹೇಳಲ್ಲ.

ಮನೆಯಲ್ಲಿ ಲೋಳೆ ತೆಗೆಯೋ ಸರಿಯಾದ ಕ್ರಮ

ಗಿಡದ ಹೊರಸುತ್ತಿನ ಬಲಿತ ಎಲೆ ಆರಿಸಿ. ಎಳೆ ಎಲೆಯಲ್ಲಿ ಸೊನೆಯ ಪಾಲು ಜಾಸ್ತಿ, ಲೋಳೆ ಕಡಿಮೆ. ಬುಡದಿಂದ ಕೊಯ್ದ ಮೇಲೆ ಕೊಯ್ದ ಭಾಗ ಕೆಳಗೆ ಬರೋ ಹಾಗೆ ಒಂದು ಲೋಟದಲ್ಲಿ ನಿಲ್ಲಿಸಿ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಲೋಟದ ತಳದಲ್ಲಿ ಹಳದಿ ನಿಂತಿರುತ್ತೆ. ಅದನ್ನು ಚೆಲ್ಲಿ, ಎಲೆ ತೊಳೆದು, ಬುಡದ ಒಂದು ಇಂಚು ಬಿಳಿ ಭಾಗ ಮತ್ತು ತುದಿಯ ಮೂರು ಇಂಚು ಕತ್ತರಿಸಿ ಬಿಸಾಡಿ. ಎರಡೂ ಕಡೆ ಮುಳ್ಳಿನ ಅಂಚು ಸವರಿ. ಆಮೇಲೆ ಮೀನು ಹೆಚ್ಚೋ ಹಾಗೆ ಚಾಕು ಮಲಗಿಸಿ ಮೇಲಿನ ಸಿಪ್ಪೆ, ಕೆಳಗಿನ ಸಿಪ್ಪೆ ತೆಗೀರಿ. ಸಿಪ್ಪೆಯನ್ನು ಚಮಚದಲ್ಲಿ ಕೆರೆದು ಕೊನೇ ಹನಿ ತೆಗೆಯೋ ಜಿಪುಣತನ ಬೇಡ, ಸೊನೆ ಇರೋದೇ ಅಲ್ಲಿ. ಉಳಿದ ಗಾಜಿನಂಥ ತುಂಡನ್ನು ಎರಡು-ಮೂರು ಸಲ ನೀರಲ್ಲಿ ಜಾಲಾಡಿ. ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ: ಕಹಿ ಇದ್ದರೆ ಸೊನೆ ಇನ್ನೂ ಇದೆ ಅಂತ ಅರ್ಥ, ಇನ್ನೊಮ್ಮೆ ತೊಳೀರಿ. ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ತೆಗೆದದ್ದನ್ನು ದಿನಾ ಕುಡಿಯೋಕೆ ನಾನು ಯಾರಿಗೂ ಹೇಳಲ್ಲ. ರಾಜಸ್ಥಾನದಲ್ಲಿ ಗ್ವಾರಪಾಠಾ ಅಂತ ಇದರ ಪಲ್ಯ ಮಾಡ್ತಾರೆ. ಅಪರೂಪಕ್ಕೆ ತಿನ್ನೋ ಅಡುಗೆ ಬೇರೆ, ದಿನಾ ಕುಡಿಯೋ ಲೋಟ ಬೇರೆ.

ಒಲೆ, ಸೈಲೆನ್ಸರ್ ತಾಗಿ ಸುಟ್ಟರೆ ಮೊದಲು ಹರಿಯೋ ನೀರಿಗೆ ಇಪ್ಪತ್ತು ನಿಮಿಷ ಹಿಡೀರಿ. ಟೂತ್‌ಪೇಸ್ಟ್, ಇಂಕು ಬೇಡ. ತಣ್ಣಗಾದ ಮೇಲೆ ತೆಳ್ಳಗೆ ಲೋಳೆ ಹಚ್ಚಿ. ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಚರ್ಮ ಬಿಳಿಚಿಕೊಂಡು ನೋವೇ ಗೊತ್ತಾಗದಿದ್ದರೆ, ಮುಖಕ್ಕೆ ತಾಗಿದ್ದರೆ ಏನೂ ಹಚ್ಚದೆ ಆಸ್ಪತ್ರೆಗೆ ಹೊರಡಿ. ಮೊದಲ ಸಲ ಹಚ್ಚೋರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಈರುಳ್ಳಿ, ಬೆಳ್ಳುಳ್ಳಿ ಅಲರ್ಜಿ ಇರೋರಿಗೆ ಇದೂ ಕೆಲವೊಮ್ಮೆ ಆಗಲ್ಲ.

ಇನ್ನೊಂದು ಮಾತು. ಬದುವಿನಲ್ಲಿರೋ ಕತ್ತಾಳೆಯನ್ನು ಲೋಳೆಸರ ಅಂತ ತಿಳಿದು ಮುಖಕ್ಕೆ ಹಚ್ಚಿಕೊಂಡು ಊದಿಸಿಕೊಂಡವರನ್ನು ನೋಡಿದ್ದೀನಿ. ಕತ್ತಾಳೆ ಅಮೆರಿಕ ಖಂಡದಿಂದ ಬಂದ ಬೇರೆಯೇ ಕುಲ. ಅದರ ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಚರ್ಮಕ್ಕೆ ಚುಚ್ಚಿ ಉರಿ ಬರುತ್ತೆ. ಗುರುತು ಸುಲಭ: ಲೋಳೆಸರದ ಎಲೆ ಮುರಿದರೆ ಪಟ್ಟಂತ ಮುರಿದು ಲೋಳೆ ಕಾಣುತ್ತೆ, ಕತ್ತಾಳೆ ಮುರಿದರೆ ನಾರು ಎಳೆಎಳೆಯಾಗಿ ಬರುತ್ತೆ, ತುದಿಯಲ್ಲಿ ಗಟ್ಟಿ ಮುಳ್ಳೂ ಇರುತ್ತೆ.

ಕೆಚ್ಚಲು ಬಾವಿಗೆ

ನನ್ನ ಮಟ್ಟಿಗೆ ಲೋಳೆಸರ ಹೊಲದಲ್ಲಿ ಇರಲೇಬೇಕು ಅನ್ನಿಸಿದ್ದು ಹಸುವಿನ ಕಾರಣಕ್ಕೆ. ಯಲಹಂಕದ ಹತ್ತಿರ ಇರುವ ಟಿಡಿಯು ವಿಶ್ವವಿದ್ಯಾಲಯದವರು ಪಾರಂಪರಿಕ ಪಶುವೈದ್ಯದ ಮದ್ದುಗಳನ್ನು ಪರೀಕ್ಷಿಸಿ ದಾಖಲಿಸಿದ್ದಾರೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅವುಗಳನ್ನು ಹಾಲಿನ ಸಂಘಗಳ ಮೂಲಕ ದೇಶದ ತುಂಬ ಹಂಚುತ್ತಿದೆ. ಅದರಲ್ಲಿ ಕೆಚ್ಚಲು ಬಾವಿನ ಮದ್ದು ಹೀಗಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಅಡಿಕೆಗೆ ಹಾಕೋ ಸುಣ್ಣ 10ರಿಂದ 15 ಗ್ರಾಂ. ಮುಳ್ಳು ಸವರಿ ಎಲೆಯನ್ನು ಸಿಪ್ಪೆ ಸಮೇತ ಹಾಕಿ ಮೂರನ್ನೂ ರುಬ್ಬಿ. ಇದು ಹೊರಗೆ ಹಚ್ಚೋದಾದ್ದರಿಂದ ಸೊನೆ ಇದ್ದರೂ ಪರವಾಗಿಲ್ಲ. ಸುಣ್ಣ ತಾಗಿದ ಕೂಡಲೇ ಅರಿಶಿನ ಕೆಂಪಾಗುತ್ತೆ, ಹೆದರಬೇಡಿ, ಕುಂಕುಮ ಆಗೋದೂ ಹೀಗೇ.

ಕೆಚ್ಚಲಿನ ಹಾಲು ಪೂರ್ತಿ ಹಿಂಡಿ ತೆಗೆದು, ಚೆನ್ನಾಗಿ ತೊಳೆದು, ಒಂದು ಹಿಡಿ ಮದ್ದಿಗೆ ಒಂದು ಲೋಟ ನೀರು ಬೆರೆಸಿ ತೆಳುವಾಗಿ ಮಾಡಿ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಜೊತೆಗೆ ನಿಂಬೆಹಣ್ಣು ಹೋಳು ಮಾಡಿ ದಿನಾ ತಿನ್ನಿಸಬೇಕು. ಮದ್ದು ದಿನಾ ಹೊಸದಾಗಿ ರುಬ್ಬಿ. ಹತ್ತು ಸಲ ಅನ್ನೋದೇ ಕಷ್ಟ. ಎರಡು ಸಲ ಹಚ್ಚಿ ಕೆಲಸ ಮಾಡಲ್ಲ ಅಂದವರನ್ನು ನಾನು ನಂಬಲ್ಲ, ಯಾಕಂದ್ರೆ ಮೊದಲ ಸಲ ನಾನೂ ಹಾಗೇ ಹೇಳಿದ್ದೆ. ಎರಡನೇ ಸಲ ಮೊಬೈಲಲ್ಲಿ ಅಲಾರಂ ಇಟ್ಟುಕೊಂಡು ಹಚ್ಚಿದೆವು. ಹಾಲಿನಲ್ಲಿ ಬರುತ್ತಿದ್ದ ಗರಣೆ ಮೂರನೇ ದಿನಕ್ಕೆ ನಿಂತಿತು, ಐದನೇ ದಿನಕ್ಕೆ ಕೆಚ್ಚಲು ಮೆತ್ತಗಾಯ್ತು. ಆಂಟಿಬಯೋಟಿಕ್ ಚುಚ್ಚಿಸಿದ್ದರೆ ಹಾಲನ್ನು ಡೇರಿಗೆ ಹಾಕುವಂತಿರಲಿಲ್ಲ. ಆದರೆ ಹಸುವಿಗೆ ಜ್ವರ ಇದ್ದರೆ, ಮೇವು ಬಿಟ್ಟಿದ್ದರೆ, ಹಾಲಲ್ಲಿ ರಕ್ತ ಅಥವಾ ಕೆಟ್ಟ ವಾಸನೆ ಇದ್ದರೆ ಕಾಯದೆ ಡಾಕ್ಟರನ್ನು ಕರೆಸಿ.

ಬೆಳೆಯೋಕೆ ಹೊರಟವರಿಗೆ

ಈಗ ನನ್ನ ಅರ್ಧ ಎಕರೆಯ ಕಥೆ. "ಕಂದು ನಾವೇ ಕೊಡ್ತೀವಿ, ಎಲೆ ನಾವೇ ಕೊಳ್ತೀವಿ" ಅಂತ ಒಬ್ಬರು ಬಂದಿದ್ದರು. ಕಂದಿಗೆ ಆರು ರೂಪಾಯಿ. ಎರಡು ಅಡಿಗೆ ಎರಡು ಅಡಿ ಅಂತರದಲ್ಲಿ ಅರ್ಧ ಎಕರೆಗೆ 5,500 ಕಂದು, 33,000 ರೂಪಾಯಿ. ಬಾಂಡ್ ಪೇಪರೂ ಕೊಟ್ಟರು. ಮೊದಲ ಕೊಯ್ಲಿನ ಹೊತ್ತಿಗೆ ಅವರ ಫೋನ್ ಸ್ವಿಚ್ಡ್ ಆಫ್. ಅವರ ವ್ಯಾಪಾರ ಕಂದು ಮಾರೋದು, ಎಲೆ ಕೊಳ್ಳೋದಲ್ಲ ಅನ್ನೋದು ನಮಗೆ ತಡವಾಗಿ ಹೊಳೀತು. ಆಮೇಲೆ ಬಂದ ವ್ಯಾಪಾರಿ ಕಿಲೋಗೆ ಎರಡು ರೂಪಾಯಿ ಅಂದ, ಕೊಯ್ಲು, ಲಾರಿ ಬಾಡಿಗೆ ನಮ್ಮದೇ.

ಅವತ್ತು ಬೈದುಕೊಂಡೆ. ಈಗ ಲೆಕ್ಕ ಹಾಕಿದರೆ ಬೆಲೆ ಯಾಕೆ ಅಷ್ಟು ಅಂತ ಗೊತ್ತಾಗುತ್ತೆ. ನಮಗೆ ಉಳಿದದ್ದು 5,000 ಗಿಡ. ಗಿಡಕ್ಕೆ ಮೂರು ಎಲೆ, ಎಲೆ ಸುಮಾರು 400 ಗ್ರಾಂ ಅಂದರೆ ಒಂದು ಕೊಯ್ಲಿಗೆ 6 ಟನ್. ಸಿಪ್ಪೆ, ಮುಳ್ಳು, ಬುಡ, ತುದಿ ಹೋಗಿ ಲೋಳೆ ಸಿಗೋದು ಹತ್ತಿರಹತ್ತಿರ ಅರ್ಧ, 3 ಟನ್. ಪೇಟೆಯಲ್ಲಿ 200:1 ಅಂತ ಪುಡಿ ಸಿಗುತ್ತೆ, ಅಂದರೆ 200 ಕಿಲೋ ಲೋಳೆಗೆ 1 ಕಿಲೋ ಪುಡಿ. ನಮ್ಮ 6 ಟನ್ ಎಲೆಯಿಂದ ಬರೋದು 15 ಕಿಲೋ ಪುಡಿ. ಉಳಿದದ್ದೆಲ್ಲ ನೀರು ಮತ್ತು ಸಿಪ್ಪೆ. ನಾವು ಲಾರಿ ಮಾಡಿ ನೂರಾರು ಕಿಲೋಮೀಟರ್ ಸಾಗಿಸೋದು ನೀರನ್ನ! ಅದೂ ಒಂದು ದಿನ ತಡವಾದರೆ ಅಸಿಮನಾನ್ ಹಾಳಾಗಿ, ಕಾರ್ಖಾನೆಯವರು ವಾಪಸ್ ಕಳಿಸೋ ಸರಕು. ಹಾಗಾಗಿ ಸಂಸ್ಕರಣಾ ಘಟಕ ಕೊಯ್ದ ದಿನವೇ ಎಲೆ ತಲುಪಿಸುವಷ್ಟು ಹತ್ತಿರ ಇಲ್ಲದಿದ್ದರೆ ಎಕರೆಗಟ್ಟಲೆ ಹಾಕಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಘಟಕ ಹತ್ತಿರ ಇದೆ, ಬರಹದಲ್ಲಿ ಒಪ್ಪಂದ ಇದೆ, ಅವರು ಹಿಂದಿನ ವರ್ಷ ಎಲೆ ಕೊಂಡ ಇಬ್ಬರು ರೈತರ ಜೊತೆ ನೀವೇ ಮಾತಾಡಿದ್ದೀರಿ ಅಂದರೆ ಬೆಳೆಯೋದೇನೂ ಕಷ್ಟವಲ್ಲ. ಮರಳುಮಿಶ್ರಿತ ಕೆಂಪು ಮಣ್ಣು, ಕಲ್ಲುಭೂಮಿ, ಸ್ವಲ್ಪ ಚೌಳು ಇದ್ದರೂ ನಡೆಯುತ್ತೆ. ನೀರು ನಿಲ್ಲೋ ಜಾಗ ಮಾತ್ರ ಬೇಡವೇ ಬೇಡ, ಬುಡ ಕೊಳೆತು ಗಿಡ ಹಾಗೇ ಕಳಚಿಕೊಳ್ಳುತ್ತೆ. ನಮ್ಮ 500 ಕಂದು ಹೋದದ್ದು ಹಳ್ಳದ ಕಡೆಯ ತಗ್ಗಿನಲ್ಲೇ. ಮುಂಗಾರು ಹಿಡಿದ ಮೇಲೆ, ಗೇಣುದ್ದದ ಆರೋಗ್ಯವಾದ ಕಂದನ್ನು ದಿಂಡಿನ ಮೇಲೆ ನೆಡಿ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಡಿ. ಎಲೆ ಮೇಲೆ ಕಪ್ಪು-ಕಂದು ಚುಕ್ಕೆ ಬಂದರೆ ಆಲ್ಟರ್ನೇರಿಯಾ ಶಿಲೀಂಧ್ರ ಇರಬಹುದು, ಆ ಎಲೆ ತೆಗೆದು ಹೊಲದಿಂದ ಹೊರಗೆ ಹಾಕಿ. ಎಲೆ ಸಂದಿಯಲ್ಲಿ ಹಿಟ್ಟುತಿಗಣೆ ಆಗಾಗ ನೋಡ್ತಿರಿ. ಮೊದಲ ಕೊಯ್ಲಿಗೆ ವರ್ಷ ಕಾದರೆ ಒಳ್ಳೇದು; ಆಮೇಲೆ ಮೂರು-ನಾಲ್ಕು ತಿಂಗಳಿಗೊಮ್ಮೆ ಹೊರಗಿನ ಮೂರು-ನಾಲ್ಕು ಎಲೆ. ಬುಡದ ಬಿಳಿ ಭಾಗ ಸೇರಿಸಿ ಕೊಯ್ದರೆ ಎಲೆಯ ಬಾಯಿ ಮುಚ್ಚಿಕೊಂಡಂತಿರುತ್ತೆ, ಲೋಳೆ ಸೋರಲ್ಲ, ಕೊಳಕೂ ಒಳಗೆ ಹೋಗಲ್ಲ. ನಾಲ್ಕೈದು ವರ್ಷ ಒಂದೇ ನಾಟಿ ನಡೆಯುತ್ತೆ.

ತಳಿ ಕೇಳೋರಿಗೆ: ಲಖನೌದ ಸಿಮ್ಯಾಪ್ ಸಂಸ್ಥೆ ಬಿಡುಗಡೆ ಮಾಡಿದ ಸಿಮ್-ಶೀತಲ್ ಇದೆ. ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಇದೆ, ಕಂದಿಗೆ ದುಡ್ಡು ಕೊಡೋ ಮುಂಚೆ ಅಲ್ಲಿ ವಿಚಾರಿಸಿ. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಯ ಇ-ಚರಕ್ ಅನ್ನೋ ಪೋರ್ಟಲ್‌ನಲ್ಲಿ ಔಷಧಿ ಬೆಳೆ ಮಾರೋರು, ಕೊಳ್ಳೋರು ತಮ್ಮ ವಿವರ ಹಾಕ್ತಾರೆ, ಮೊಬೈಲಲ್ಲೇ ನೋಡಬಹುದು.

ರಾಜಸ್ಥಾನದ ಪಿಪ್ಲಾಂತ್ರಿ ಗ್ರಾಮದ ದಾರಿ ನನಗೆ ಹೆಚ್ಚು ಹಿಡಿಸಿತು. ಹೆಣ್ಣುಮಗು ಹುಟ್ಟಿದರೆ 111 ಮರ ನೆಡುವ ಊರು ಅದು. ಗೆದ್ದಲು ಬಾರದಿರಲಿ ಅಂತ ಆ ಮರಗಳ ಸುತ್ತ ಲೋಳೆಸರ ನೆಟ್ಟರು. ಅದು ಹಬ್ಬಿದ ಮೇಲೆ ಊರಿನ ಹೆಂಗಸರೇ ಜ್ಯೂಸು, ಜೆಲ್, ಉಪ್ಪಿನಕಾಯಿ ಮಾಡೋಕೆ ಕಲಿತರು. ಲೋಳೆಸರ ಅಲ್ಲಿ ಮುಖ್ಯ ಬೆಳೆಯಾಗಿ ಬಂದದ್ದಲ್ಲ, ಬದುವಿನ ಬೆಳೆಯಾಗಿ ಬಂದದ್ದು.

ನಾನೂ ಅರ್ಧ ಎಕರೆಯನ್ನು ಕಿತ್ತು ಅಲ್ಲಿ ಈಗ ನುಗ್ಗೆ ಹಾಕಿದ್ದೀನಿ. ಲೋಳೆಸರ ಬದುವಿನ ಮೇಲೆ ಎರಡು ಸಾಲು, ನುಗ್ಗೆ ಬುಡದಲ್ಲಿ ಅಲ್ಲಲ್ಲಿ, ಕೊಟ್ಟಿಗೆ ಪಕ್ಕ ಹತ್ತು ಗಿಡ. ಊರಲ್ಲಿ ಯಾರ ಹಸುವಿಗೆ ಕೆಚ್ಚಲು ಬಾವು ಬಂದರೂ ಅಲ್ಲಿಂದಲೇ ಎಲೆ ಒಯ್ತಾರೆ, ನಾನು ದುಡ್ಡು ತಗೊಳ್ಳಲ್ಲ. ದೊಡ್ಡಮ್ಮ ಆ ಗ್ರೂಪಿನಲ್ಲಿ ಇವತ್ತಿಗೂ ಇದ್ದಾಳೆ. ಹೋದ ವಾರ ಯಾರೋ ಬೇವಿನೆಣ್ಣೆ ಕುಡಿಯೋ ವಿಡಿಯೋ ಹಾಕಿದ್ದರು, ಅವಳು ನನಗೇ ಫೋನ್ ಮಾಡಿದಳು: "ಇದನ್ನ ನೀನು ಮೊದಲು ಕುಡಿದು ತೋರ್ಸು, ಆಮೇಲೆ ನೋಡಾಣ."